ಓಬಳೇಶನ ಕ್ಲಚ್ ಕಾಲು

ನಮ್ಮೂರಲ್ಲಿ ಮನುಷ್ಯ ಮಲಗಿದರೂ ಅವನ ನೆರಳು ಮಲಗುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ, ನಮಗೆ ಅದೊಂದು ದೊಡ್ಡ ಸಂಗತಿಯೇ ಅಲ್ಲ. ದೀಪ ಆರಿಸಿ ಮಲಗಿದರೆ ಗಲಾಟೆಯೇ ಇಲ್ಲ. ಮಧ್ಯಾಹ್ನ ಕಿಟಕಿ ತೆರೆದಿಟ್ಟು ಮಲಗುವವರ ಮನೆಯ ಗೋಡೆಯ ಮೇಲೆ ಮಾತ್ರ ಆಟ ನಡೆಯುತ್ತದೆ. ಮಲಗಿದ ಮೇಷ್ಟ್ರ ನೆರಳು ಯಾರದೋ ಕಿವಿ ಹಿಂಡುತ್ತಿರುತ್ತದೆ. ನಮ್ಮ ಅತ್ತೆಯವರ ನೆರಳಂತೂ ಅವರು ಗೊರಕೆ ಹೊಡೆಯುತ್ತಿರುವಾಗಲೂ ಅವರೆಕಾಯಿ ಬಿಡಿಸುತ್ತಿರುತ್ತದೆ. ಹೆಣ್ಣು ನೋಡಲು ಬಂದ ಗಂಡಿಗೆ ನಮ್ಮಲ್ಲಿ ಹೊಟ್ಟೆ ಬಿರಿಯುವಷ್ಟು ಊಟ ಹಾಕಿ, ಬೆಳಕಿರುವ ಕೋಣೆಯಲ್ಲಿ ಚಾಪೆ ಹಾಸಿ ಕೊಡುತ್ತಾರೆ. ಅವನ ನೆರಳು ಇಸ್ಪೀಟು ಕಲೆಸಲು ಕೂತರೆ ಆ ಸಂಬಂಧ ಅಲ್ಲಿಗೇ ಮುಗಿಯಿತು.

ನನ್ನ ಹೆಸರು ಕಾತ್ಯಾಯಿನಿ. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನುಹುರಿಯ ಆಪರೇಷನ್ ನಡೆಯುವಾಗ ರೋಗಿಯ ನೆರಳು ನೋಡುತ್ತ ಕೂರುವುದು ನನ್ನ ಕೆಲಸ. ಜನ ನನ್ನನ್ನು ನೆರಳಮ್ಮ ಎನ್ನುತ್ತಾರೆ. ನನ್ನೆದುರಿಗೆ ಯಾರೂ ಎರಡನೇ ಸಲ ಹಾಗೆ ಕರೆದಿಲ್ಲ. ಬೆನ್ನುಹುರಿ ಎಂದರೆ ಹೆಚ್ಚುಕಡಿಮೆ ಕಿರುಬೆರಳಿನ ದಪ್ಪದ್ದು. ಕಾಲಿಗೆ ಹೋಗುವ ಅಪ್ಪಣೆಯೆಲ್ಲ, ಕಾಲಿನಿಂದ ಬರುವ ಸುದ್ದಿಯೆಲ್ಲ ಅದರೊಳಗೇ ಓಡಾಡಬೇಕು. ಅದರ ಹೊಟ್ಟೆಯಲ್ಲಿ ಗಡ್ಡೆ ಬೆಳೆದರೆ ತೆಗೆಯದೆ ವಿಧಿಯಿಲ್ಲ, ತೆಗೆಯುವಾಗ ಕೂದಲೆಳೆಯಷ್ಟು ಆಚೀಚೆ ಆದರೆ ಕಾಲು ಹೋಯಿತು. ಅರಿವಳಿಕೆ ಕೊಟ್ಟು ಮಲಗಿಸಿದವನನ್ನು ಕಾಲು ಆಡಿಸಪ್ಪ ಎಂದು ಕೇಳುವಂತಿಲ್ಲ. ಆದರೆ ಮೈ ಬೋರಲು ಬಿದ್ದಿದ್ದರೂ ನೆರಳು ಗೋಡೆಯ ಮೇಲೆ ಎದ್ದು ತನ್ನ ಪಾಡಿಗೆ ತಾನು ದುಡಿಯುತ್ತಿರುತ್ತದೆ. ಹುರಿಗೆ ಪೆಟ್ಟಾಗುವ ಹೊತ್ತಿಗೆ ಮೊದಲು ಸೋಲುವುದು ನೆರಳಿನ ಕಾಲು. ಆಗಲೇ ಹೇಳಿ ಡಾಕ್ಟರ ಕೈ ತಡೆದರೆ ಮೈಯ ಕಾಲು ಉಳಿಯುತ್ತದೆ. ಹೇಳುವುದು ತಡವಾದರೆ ಉಳಿಯುವುದಿಲ್ಲ. ಹಾಗಾಗಿ ರೆಪ್ಪೆ ಮಿಟುಕಿಸುವುದರಲ್ಲೂ ನಾನು ಜಿಪುಣಿ.

ಓಬಳೇಶ ನಮ್ಮೂರಿನ ಬಸ್ ಡ್ರೈವರ್. ಬಸ್ ಸ್ಟ್ಯಾಂಡಿನಿಂದ ಕರಿಗುಡ್ಡದವರೆಗೆ ಹೋಗಿ ಬರುವ ಬಸ್ಸು ಅವನದು. ಒಂದು ದಿನ ಮನೆಗೆ ಬಂದಾಗ ಎಡಗಾಲಿನ ಚಪ್ಪಲಿ ಇರಲಿಲ್ಲವಂತೆ. ಎಲ್ಲಿ ಕಳಚಿ ಬಿತ್ತು ಎಂಬುದು ಕಾಲಿಗೇ ಗೊತ್ತಾಗಿರಲಿಲ್ಲ. ಆಮೇಲೆ ಆ ಕಾಲು ಜೋಮು ಹಿಡಿಯಲು ಶುರುವಾಯಿತು, ಸ್ಕ್ಯಾನಿಂಗ್ ಮಾಡಿಸಿದಾಗ ಬೆನ್ನಿನ ನಡುಭಾಗದಲ್ಲಿ, ಹುರಿಯ ಒಳಗೇ ಗಡ್ಡೆ ಕಾಣಿಸಿತು. ಆಪರೇಷನ್ನಿನ ಹಿಂದಿನ ದಿನ ನಾನು ವಾರ್ಡಿಗೆ ಹೋಗಿದ್ದೆ. ಮಂಚದ ಮೇಲೆ ಓಬಳೇಶ ನೆಟ್ಟಗೆ ಕೂತಿದ್ದ. ಪಕ್ಕದ ಸ್ಟೂಲಿನ ಮೇಲೆ ಅವನ ಬಸ್ಸಿನ ಕಂಡಕ್ಟರ್ ದಸ್ತಗೀರ್ ಮೂಸಂಬಿ ಸುಲಿಯುತ್ತಿದ್ದ.

"ಮೇಡಂ, ಬಲಗಾಲಿಗೆ ಏನಾದ್ರೂ ಆದ್ರೆ ಹೆಂಗೋ ನೋಡ್ಕೋಬಹುದು," ಎಂದ ಓಬಳೇಶ. "ಎಡಗಾಲು ನನ್ನ ಕ್ಲಚ್ ಕಾಲು. ಅದೊಂದು ಉಳಿಸಿಕೊಡಿ."

"ನಾನು ಉಳಿಸೋಳಲ್ಲ ಕಣ್ರಿ, ನೋಡೋಳು. ಉಳಿಸೋದು ಡಾಕ್ಟ್ರು."

"ನೋಡದೆ ಉಳಿಸಕ್ಕಾಗುತ್ತಾ?" ಎಂದು ದಸ್ತಗೀರ್ ನಡುವೆ ಬಾಯಿ ಹಾಕಿದ. "ನಮ್ಮ ಬಸ್ಸಲ್ಲೂ ಅಷ್ಟೇ ಮೇಡಂ. ಓಡ್ಸೋದು ಅಣ್ಣ, ನೋಡೋದು ನಾನು."

ಇವನ ಬಾಯಿಗೆ ಬೀಗ ಇಲ್ಲ ಎಂದು ಆಗಲೇ ನನಗೆ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಥಿಯೇಟರಿನಲ್ಲಿ ಮೆಹರ್ ಮೇಡಂ ಅರಿವಳಿಕೆ ಕೊಟ್ಟರು. ಮೈ ಸಡಿಲಿಸುವ ಔಷಧಿಯನ್ನು ಅವರು ಇಂಥ ಆಪರೇಷನ್ನಿಗೆ ಬಳಸುವುದಿಲ್ಲ. ಕೊಟ್ಟರೆ ನೆರಳೂ ಗೋಡೆಗೆ ಒರಗಿಕೊಂಡುಬಿಡುತ್ತದೆ, ನೋಡಲು ಏನೂ ಉಳಿಯುವುದಿಲ್ಲ. ಆಪರೇಷನ್ ಟೇಬಲ್ಲಿನ ಮೇಲಿನ ದೀಪ ನೆರಳು ಬೀಳದಂಥದ್ದು. ಅದಕ್ಕೆಂದೇ ನನ್ನದೊಂದು ಬೇರೆ ದೀಪವಿದೆ, ಕಾಲುಗಳ ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ. ಅದನ್ನು ಯಾರೂ ಮುಟ್ಟಕೂಡದು. ಹಿಂದೊಮ್ಮೆ ಡ್ಯೂಟಿಗೆ ಹೊಸದಾಗಿ ಬಂದ ನರ್ಸೊಬ್ಬಳು ಅದರ ಮೇಲೆ ಟವೆಲ್ ಒಣಗಿಸಲು ಹಾಕಿದ್ದಳು. ಈಗ ಅವಳು ನನ್ನನ್ನು ಕಂಡರೆ ಕಾರಿಡಾರಿನ ಆಚೆ ಬದಿಗೆ ಹೋಗುತ್ತಾಳೆ.

ಚರ್ಮ ಕೊಯ್ಯುವ ಮೊದಲು ನೆರಳಿನ ಸಹಜ ಸ್ಥಿತಿ ನೋಡಿಕೊಳ್ಳಬೇಕು. ಕಾಲು ಈಗಾಗಲೇ ಎಷ್ಟು ಸೋತಿದೆ ಎಂದು ತಿಳಿದಿರದಿದ್ದರೆ ಮುಂದೆ ಸೋತದ್ದು ಹೇಗೆ ಗೊತ್ತಾಗಬೇಕು? ಓಬಳೇಶನ ನೆರಳು ಗೋಡೆಯ ಮೇಲೆ ಕುರ್ಚಿಯಿಲ್ಲದೆ ಕೂತಿತು. ಎರಡೂ ಕೈ ಮುಂದಕ್ಕೆ ಚಾಚಿ ಏನನ್ನೋ ಹಿಡಿಯಿತು. ಬಲಗಾಲು ಮೆಲ್ಲಗೆ ಒತ್ತಿತು, ಎಡಗಾಲು ಸ್ವಲ್ಪ ತಡವಾಗಿ, ಆದರೆ ಪೂರ್ತಿಯಾಗಿ ಒತ್ತಿ ಎದ್ದಿತು. ಅವನು ಬಸ್ಸು ಓಡಿಸುತ್ತಿದ್ದಾನೆ ಎಂದು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. "ಎರಡೂ ಕಾಲು ಇದೆ ಸರ್, ಎಡಗಡೆ ಒಂಚೂರು ನಿಧಾನ," ಎಂದೆ. ಸರ್ಜನ್ ಪಾರ್ಶ್ವನಾಥ್ ಹೂಂ ಎಂದು ಕೆಲಸ ಶುರು ಮಾಡಿದರು.

ಬೆನ್ನುಮೂಳೆ ತೆರೆದು ಅವರು ಹುರಿಯ ಹತ್ತಿರ ಹೋಗುವವರೆಗೆ ಎಲ್ಲ ಸರಿಯಿತ್ತು. ಹುರಿ ಸೀಳಿ ಗಡ್ಡೆಗೆ ಕೈ ಹಾಕಿದ ಮೇಲೆ ನೆರಳಿನ ಎರಡೂ ಕಾಲು ತಟ್ಟನೆ ನಿಂತವು. ನಾನು "ನಿಲ್ಸಿ!" ಎಂದು ಕೂಗಿದೆ. ಪಾರ್ಶ್ವನಾಥ್ ಕೈ ಎತ್ತಿದರು. ನೆರಳು ಕತ್ತು ಹೊರಳಿಸಿ ಹಿಂದೆ ನೋಡಿತು, ಆಮೇಲೆ ಏನೂ ಆಗದವರ ಹಾಗೆ ಕ್ಲಚ್ ಒತ್ತಿ ಹೊರಟಿತು. ಕೆಲಸ ಮತ್ತೆ ಶುರುವಾಯಿತು, ಮತ್ತೆ ಕಾಲು ನಿಂತಿತು, ಮತ್ತೆ ನಾನು ಕೂಗಿದೆ, ಮತ್ತೆ ಅದು ಹೊರಟಿತು. ಮೂರನೇ ಸಲವೂ ಹೀಗೇ ಆದಾಗ ಮೆಹರ್ ಮೇಡಂ ಮಾಸ್ಕಿನ ಹಿಂದೆ ನಕ್ಕರು.

"ಕಾತ್ಯಾಯಿನಿ, ಅದು ಸ್ಟಾಪು ಕಣ್ರೀ. ಜನ ಹತ್ತಿ ಇಳೀಬೇಡ್ವೇ?"

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಅಡುಗೆಯವರ ನೆರಳು, ಅರ್ಚಕರ ನೆರಳು, ಅಗಸರ ನೆರಳು ಎಲ್ಲ ನೋಡಿದ್ದೇನೆ. ಅವು ನಿಲ್ಲುವುದಾದರೂ ಹೇಳಿ ಕೇಳಿ ನಿಲ್ಲುತ್ತವೆ. ಈ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನನಗೇನು ಗೊತ್ತು? ನಾನು ಆ ಕಡೆಗೆ ಹೋಗುವವಳೇ ಅಲ್ಲ. ಹಾಗೆಂದು ಸ್ಟಾಪು ಇರಬಹುದು ಬಿಡು ಎಂದು ಸುಮ್ಮನಿದ್ದರೆ, ಒಂದು ಸಲ ಅದು ಸ್ಟಾಪಾಗಿರದಿದ್ದರೆ ಆ ಮನುಷ್ಯ ಉಳಿದ ಆಯುಷ್ಯವೆಲ್ಲ ಹಾಸಿಗೆಯಲ್ಲಿ ಕಳೆಯಬೇಕು. ಪ್ರತಿ ಸ್ಟಾಪಿನಲ್ಲೂ ಕೈ ಎತ್ತುತ್ತ ಹೋದರೆ ಅರಿವಳಿಕೆಯಲ್ಲೇ ಸಂಜೆಯಾಗುತ್ತದೆ, ಅದೂ ಅವನ ಮೈಗೆ ಒಳ್ಳೆಯದಲ್ಲ.

"ಅವರ ಕಂಡಕ್ಟರ್ ಹೊರಗಡೆ ಕೂತಿದ್ದಾರಲ್ಲ," ಎಂದರು ಪಾರ್ಶ್ವನಾಥ್ ತಲೆ ಎತ್ತದೆಯೇ. "ಕರೀರಿ."

ದಸ್ತಗೀರನಿಗೆ ಕೈ ತೊಳೆಸಿ, ಹಸಿರು ಗೌನು ತೊಡಿಸಿ, ಟೋಪಿ ಮಾಸ್ಕು ಕಟ್ಟಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಟೇಬಲ್ಲಿನ ಕಡೆ ತಿರುಗಬೇಡಿ, ಗೋಡೆ ಮಾತ್ರ ನೋಡಿ ಎಂದು ಗದರಿಸಿದ್ದೆ. ಅವನು ಗೋಡೆ ನೋಡಿದ. ಮುಖವೆಲ್ಲ ಮುಚ್ಚಿದ್ದರೂ ಕಣ್ಣು ಅರಳಿದ್ದು ಕಾಣಿಸಿತು.

"ಅಯ್ಯೋ, ಅಣ್ಣ ಡ್ಯೂಟಿ ಮೇಲಿದ್ದಾನೆ!" ಎಂದ. ನೆರಳು ಎಡಗಡೆ ವಾಲಿ ಸ್ಟೀರಿಂಗ್ ಎಳೆಯುತ್ತಿತ್ತು. "ಇದು ಹಳೇ ಕಚೇರಿ ತಿರುವು. ಈಗ ನೋಡಿ, ಎಣ್ಣೆ ಗಾಣದ ಹತ್ರ ನಿಲ್ಲಿಸ್ತಾನೆ. ಹೋಲ್ಡಾನ್!"

ನೆರಳು ನಿಂತಿತು. ದಸ್ತಗೀರ್ ಗೋಡೆಯನ್ನೇ ನೋಡುತ್ತ, ಇಳಿಯುವವರು ಇಳಿಯುವಷ್ಟು ಹೊತ್ತು ಕಾದು, "ರೈಟ್," ಎಂದ. ನೆರಳು ಹೊರಟಿತು. ಆಮೇಲೆ ಕೆಲಸ ಸಲೀಸಾಯಿತು. ಸ್ಟಾಪು ಬರುವ ಮೊದಲೇ ಅವನು ಹೇಳುತ್ತಿದ್ದ, ನಾನು ಸುಮ್ಮನಿರುತ್ತಿದ್ದೆ, ಪಾರ್ಶ್ವನಾಥ್ ಗಡ್ಡೆಯನ್ನು ಚೂರು ಚೂರಾಗಿ ಬಿಡಿಸುತ್ತಿದ್ದರು. ರೈಲ್ವೆ ಗೇಟಿನಲ್ಲಿ ನೆರಳು ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕೈ ಬಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡಿತು. "ಗೂಡ್ಸ್ ಗಾಡಿ ಇರ್ಬೇಕು, ಲೇಟಾಗುತ್ತೆ," ಎಂದ ದಸ್ತಗೀರ್ ಬೇಸರದಿಂದ. ಒಂದೆರಡು ಸಲ ಅವನು ಹೋಲ್ಡಾನ್ ಎಂದಾಗ ಪಾರ್ಶ್ವನಾಥರ ಕೈಯೂ ತನ್ನಷ್ಟಕ್ಕೆ ತಾನೇ ನಿಂತುಬಿಟ್ಟಿತು. ಮೆಹರ್ ಮೇಡಂ ಮತ್ತೆ ನಕ್ಕರು. ಟಿಕೆಟ್ ಕೇಳುವುದೊಂದು ಬಾಕಿ ಎಂದು ನಾನು ಗೊಣಗಿದೆ. ನಿಜ ಹೇಳಬೇಕೆಂದರೆ ಅವನು ಪಕ್ಕದಲ್ಲಿದ್ದದ್ದು ನನಗೆ ಹಿತವಾಗಿಯೇ ಇತ್ತು.

ಬಸ್ಸು ಕರಿಗುಡ್ಡ ಮುಟ್ಟಿ ಮರಳಿ ಬರುತ್ತಿತ್ತು. ಗಡ್ಡೆಯ ಮುಕ್ಕಾಲು ಪಾಲು ಹೊರಗೆ ಬಂದಿತ್ತು. "ಇನ್ನು ಹುರಿಗೆ ಅಂಟಿಕೊಂಡಿರೋ ಭಾಗ," ಎಂದು ಪಾರ್ಶ್ವನಾಥ್ ಎಚ್ಚರಿಸಿದರು. ನಾನು ಮುಂದಕ್ಕೆ ಬಗ್ಗಿ ಕೂತೆ. ಅಷ್ಟರಲ್ಲಿ ನೆರಳಿನ ಎಡಗಾಲು ನಿಂತಿತು.

"ಗೇಟು," ಎಂದ ದಸ್ತಗೀರ್. ಕೇಳುವ ಮೊದಲೇ ಹೇಳಿದ.

ನಾನು ನೋಡಿದೆ. ಬಲಗಾಲು ಒತ್ತುತ್ತಿತ್ತು. ಬಲಗೈ ಸ್ಟೀರಿಂಗ್ ಬಿಟ್ಟಿರಲಿಲ್ಲ. ಎಡಗೈ ಗೇರ್ ಹಾಕಲು ತಳ್ಳುತ್ತಿತ್ತು, ಗೇರ್ ಬೀಳುತ್ತಿರಲಿಲ್ಲ, ಮತ್ತೆ ತಳ್ಳುತ್ತಿತ್ತು. ಎಡಗಾಲು ಮಾತ್ರ ಬಾವಿಯ ಹಗ್ಗದಂತೆ ಸುಮ್ಮನೆ ಜೋತುಬಿದ್ದಿತ್ತು.

"ಗೇಟು ಮೇಡಂ, ಗೇಟ್ ಹಾಕಿದ್ದಾರೆ, ಅಷ್ಟೇ."

"ನಿಲ್ಸಿ ಸರ್!" ಎಂದೆ. "ಎಡಗಾಲು ಹೋಯ್ತು. ಗೇಟಲ್ಲ."

ಪಾರ್ಶ್ವನಾಥ್ ಆ ಕ್ಷಣವೇ ಕೈ ತೆಗೆದರು. ಸ್ಟಾಪೋ ಗೇಟೋ ಎಂದು ಅವರು ವಾದಕ್ಕೆ ನಿಲ್ಲಲಿಲ್ಲ. ಅದಕ್ಕೇ ನಾನು ಅವರ ಜೊತೆ ಕೆಲಸ ಮಾಡುತ್ತೇನೆ. ಬೆಚ್ಚಗಿನ ಸಲೈನ್ ತರಿಸಿ ಹುರಿಯ ಮೇಲೆ ಮೆಲ್ಲಗೆ ಸುರಿದರು. "ಮೇಡಂ, ಬಿಪಿ ಸ್ವಲ್ಪ ಏರಿಸಿ," ಎಂದರು. ಮೆಹರ್ ಮೇಡಂ ನಗುವುದನ್ನು ಬಿಟ್ಟು ಔಷಧಿ ಸರಿಪಡಿಸಿದರು. ಹುರಿಗೆ ರಕ್ತ ಚೆನ್ನಾಗಿ ಹರಿದರೆ ಬೆದರಿದ ನರ ಮತ್ತೆ ಎದ್ದರೂ ಏಳಬಹುದು. ಇಂಥ ಹೊತ್ತಿನಲ್ಲಿ ಕಾಯುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ.

ಗೋಡೆಯ ಮೇಲೆ ಓಬಳೇಶ ಕಾಯುತ್ತಿರಲಿಲ್ಲ. ಕ್ಲಚ್ ಕಾಲಿಲ್ಲದೆ ಬಸ್ಸನ್ನು ಏನು ಮಾಡುವುದು ಎಂದು ಅವನ ನೆರಳು ಲೆಕ್ಕ ಹಾಕುತ್ತಿತ್ತು. ಗೇರ್ ತಳ್ಳುವುದನ್ನು ಬಿಟ್ಟಿತು. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬಲಗಾಲೊಂದರಿಂದಲೇ ಬ್ರೇಕನ್ನು ಒತ್ತಿ ಒತ್ತಿ ಬಿಡುತ್ತ, ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿತು. ಇಂಜಿನ್ ಆಫ್ ಆಗಿರಬೇಕು, ಕೊನೆಗೆ ಇಡೀ ನೆರಳು ಒಮ್ಮೆ ಮುಂದಕ್ಕೆ ಜಗ್ಗಿ ಹಿಂದಕ್ಕೆ ಬಿತ್ತು. ಹ್ಯಾಂಡ್‌ಬ್ರೇಕ್ ಎಳೆಯಿತು. ಆಮೇಲೆ ಹಿಂದಕ್ಕೆ ತಿರುಗಿ ಬಸ್ಸಿನೊಳಗೆಲ್ಲ ಕಣ್ಣಾಡಿಸಿ, ಇಳಿಯಿರಿ ಎಂದು ಕೈ ಬೀಸಿತು.

ನಾನು ಅಳುವ ಹಾಗಿಲ್ಲ, ಕಣ್ಣು ಮಂಜಾದರೆ ನನ್ನ ಕೆಲಸ ಕೆಟ್ಟಿತು. ಪಕ್ಕದಲ್ಲಿ ದಸ್ತಗೀರ್ ಅಳುತ್ತಿದ್ದ. ಅಳುತ್ತಲೇ, "ಇಳೀರಿ, ಎಲ್ರೂ ಇಳೀರಿ, ನೂಕಬೇಡಿ. ಮಗು ಎತ್ಕೊಂಡಿರೋರು ಮೊದಲು," ಎಂದು ಗೋಡೆಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ: "ನಂಗೂ ಗೊತ್ತಾಗಿತ್ತು ಮೇಡಂ. ಗೇಟು ಅಂದ್ರೆ ಗೇಟೇ ಆಗ್ಬಿಡ್ಲಿ ಅನ್ನಿಸ್ತು."

ಅವನಿಗೆ ಬೈಯಬೇಕೆಂದು ಬಾಯಿವರೆಗೆ ಬಂದಿತ್ತು. ಬೈಯಲಿಲ್ಲ. "ಕಾಲು ನೋಡ್ರಿ," ಎಂದೆ.

ನೆರಳು ಸೀಟಿನಲ್ಲೇ ಕೂತು, ಎರಡೂ ಕೈಯಿಂದ ಎಡ ಮೊಣಕಾಲನ್ನು ಹಿಡಿದೆತ್ತಿ, ಪಾದವನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡಿತು. ಕೈ ಬಿಟ್ಟಿತು. ಪಾದ ಜಾರಿ ಬಿತ್ತು. ಮತ್ತೆ ಎತ್ತಿ ಇಟ್ಟಿತು. ಎಷ್ಟೋ ಹೊತ್ತಿನ ಮೇಲೆ, ಹಾಗೆ ಇಟ್ಟ ಪಾದ ಜಾರದೆ ನಿಂತಿತು. ಹೆಬ್ಬೆರಳು ಅಲ್ಲಾಡಿತು. ಪಾದ ಒತ್ತಿತು, ಪೂರ್ತಿಯಾಗಿ ಅಲ್ಲ, ಒತ್ತಿ ನಡುಗಿತು, ಎದ್ದಿತು.

"ಬಂತು ಸರ್," ಎಂದೆ. "ಬಲಹೀನವಾಗಿದೆ. ಆದರೆ ಬಂತು."

ಪಾರ್ಶ್ವನಾಥ್ ತುಂಬ ಹೊತ್ತು ಹುರಿಯನ್ನೇ ನೋಡುತ್ತಿದ್ದರು. "ಹುಣಿಸೆ ಬೀಜದ ಸಿಪ್ಪೆಯಷ್ಟು ಉಳಿದಿದೆ," ಎಂದರು. "ಇದನ್ನ ಕಿತ್ತರೆ ಕಾಲೂ ಜೊತೇಲೇ ಬರುತ್ತೆ. ಇರ್ಲಿ ಬಿಡಿ, ಆಗಾಗ ಸ್ಕ್ಯಾನ್ ಮಾಡಿ ನೋಡ್ತಾ ಇರೋಣ." ಅಷ್ಟು ಹೇಳಿ ಹೊಲಿಗೆ ಹಾಕಲು ಶುರು ಮಾಡಿದರು.

ಮರುದಿನ ಬೆಳಿಗ್ಗೆ ನಾನು ಖುಷಿಯಿಂದಲೇ ವಾರ್ಡಿಗೆ ಹೋದೆ. ಓಬಳೇಶ ಮುಖ ಗೋಡೆಗೆ ತಿರುಗಿಸಿಕೊಂಡು ಮಲಗಿದ್ದ. ಎಚ್ಚರವಿದ್ದ. ಬಲಗಾಲು ಆಡುತ್ತಿತ್ತು. ಎಡಗಾಲು ಆಡುತ್ತಿರಲಿಲ್ಲ. ಬೆರಳೂ ಅಲ್ಲಾಡುತ್ತಿರಲಿಲ್ಲ. ಪಾರ್ಶ್ವನಾಥ್ ಆಗಲೇ ಬಂದು ನೋಡಿ ಹೋಗಿದ್ದರು. ನರ ಬೆದರಿದೆ, ಸತ್ತಿಲ್ಲ, ಕೊನೆಯಲ್ಲಿ ನೆರಳಿನ ಕಾಲು ಒತ್ತಿದೆ ಎಂದ ಮೇಲೆ ಇದೂ ಬಂದೇ ಬರುತ್ತದೆ, ಆದರೆ ಇವತ್ತಿನಿಂದಲೇ ವ್ಯಾಯಾಮ ಶುರುವಾಗಬೇಕು, ಒತ್ತುತ್ತೇನೆ ಎಂದು ಇವನು ಮನಸ್ಸು ಮಾಡಬೇಕು ಎಂದಿದ್ದರಂತೆ. ವ್ಯಾಯಾಮ ಮಾಡಿಸಲು ಬಂದವರನ್ನು ಓಬಳೇಶ ವಾಪಸ್ಸು ಕಳಿಸಿದ್ದ.

"ಯಾಕ್ರಿ ಹಿಂಗೆ?" ಎಂದೆ. "ನಾನೇ ಕಣ್ಣಾರೆ ನೋಡಿದ್ದೀನಿ. ನಿಮ್ಮ ಕಾಲು ಕ್ಲಚ್ ಒತ್ತಿದೆ."

"ಎಲ್ರೂ ಹಂಗೇ ಹೇಳ್ತಾರೆ ಮೇಡಂ," ಎಂದ ಗೋಡೆ ನೋಡುತ್ತಲೇ. "ನಮ್ಮ ಭಾವನಿಗೂ ಹಿಂಗೇ ಹೇಳಿದ್ರು. ಬರುತ್ತೆ ಬರುತ್ತೆ ಅಂತ. ಹೇಳ್ತಾ ಹೇಳ್ತಾ ಎರಡು ವರ್ಷ ಮಲಗಿಸಿದ್ರು."

ನನಗೆ ರೇಗಿತು. ನಾನು ಸಮಾಧಾನದ ಮಾತು ಹೇಳುವವಳಲ್ಲ, ಊರಿಗೇ ಗೊತ್ತು. ಆದರೆ ಅವನ ತಪ್ಪೂ ಅಲ್ಲ. ನಮ್ಮೂರಲ್ಲಿ ಎಲ್ಲರ ನೆರಳನ್ನೂ ಎಲ್ಲರೂ ನೋಡುತ್ತಾರೆ, ತನ್ನದನ್ನು ಮಾತ್ರ ಯಾರೂ ನೋಡಿಲ್ಲ. ಅದು ಏಳುವುದು ನಾವು ಮಲಗಿದ ಮೇಲೆ. ಕ್ಯಾಮೆರಾದಲ್ಲಿ ಹಿಡಿಯಲು ಹೋದರೆ ಬರೀ ಗೋಡೆ ಬರುತ್ತದೆ. ನಿದ್ದೆಯಲ್ಲಿ ನಾವು ಏನು ಮಾಡಿದೆವು ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಿ ನಂಬಬೇಕು, ಇಲ್ಲವೇ ಬಿಡಬೇಕು. ಅವನು ಬಿಡಲು ನಿರ್ಧರಿಸಿದ್ದ. ಹಾಗೆ ಬಿಟ್ಟ ಕಾಲು ಎಷ್ಟು ಬೇಗ ಸೊರಗುತ್ತದೆ ಎಂದು ನಾನು ಬಲ್ಲೆ. ಬೆದರಿದ ನರಕ್ಕಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು.

ದಸ್ತಗೀರ್ ಕಾಫಿಯ ಫ್ಲಾಸ್ಕ್ ಹಿಡಿದು ಒಳಗೆ ಬಂದ. ಓಬಳೇಶ ಅವನ ಹೆಜ್ಜೆಯ ಸದ್ದಿಗೇ ಈಚೆ ತಿರುಗಿದ.

"ದಸ್ತಗೀರ, ನೀನೂ ಒಳಗಿದ್ದೆಯಂತೆ."

"ಇದ್ದೆ ಅಣ್ಣ."

"ಇಷ್ಟು ವರ್ಷ ಹಿಂದೆ ನಿಂತ್ಕೊಂಡು ಬರ್ಲಿ ಬರ್ಲಿ ಅಂದಿದ್ದೀಯ. ನೀನು ಅಂದಷ್ಟೂ ನಾನು ಹಿಂದಕ್ಕೆ ಬಂದಿದ್ದೀನಿ. ಕಾಲುವೆ ಪಕ್ಕ, ಕತ್ಲೆ, ಮಳೆ, ಏನೂ ನೋಡಿಲ್ಲ. ಈಗ ಹೇಳು. ನನ್ನ ಕಾಲು ಒತ್ತಿದ್ದು ಹೌದಾ?"

ದಸ್ತಗೀರ್ ಫ್ಲಾಸ್ಕನ್ನು ಸ್ಟೂಲಿನ ಮೇಲಿಟ್ಟ. ನಿನ್ನೆ ಪ್ರೀತಿಗೆ ಬಿದ್ದು ಗೇಟು ಎಂದವನು ಇವನು. ಇವತ್ತೂ ಅದೇ ಪ್ರೀತಿಗೆ ಬಿದ್ದು, ಜೋರಾಗಿ ಒತ್ತಿತು ಅಣ್ಣ, ಮೊದಲಿನ ಹಾಗೇ ಒತ್ತಿತು ಎಂದುಬಿಟ್ಟರೆ ಮುಗಿಯಿತು. ಅಂಥ ಮಾತನ್ನು ಓಬಳೇಶ ಗುರುತು ಹಿಡಿಯದೆ ಬಿಡುತ್ತಾನೆಯೇ? ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಲು ನೋಡಿದೆ. ದಸ್ತಗೀರ್ ನನ್ನ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಥಿಯೇಟರಿನ ಆ ಗೋಡೆಯನ್ನೇ ಮತ್ತೊಮ್ಮೆ ನೋಡುತ್ತಿದ್ದ ಎನ್ನಿಸುತ್ತದೆ.

"ನಡುವೆ ನಿಂತೇ ಹೋಗಿತ್ತು ಅಣ್ಣ," ಎಂದ. "ಕ್ಲಚ್ ಇಲ್ದೆ ನೀನು ಗಾಡಿ ಸೈಡಿಗೆ ಹಾಕ್ದೆ. ಎಲ್ರನ್ನೂ ಇಳಿಸ್ದೆ. ಆಮೇಲೆ ಕಾಲನ್ನ ಕೈಯಲ್ಲಿ ಎತ್ತಿ ಇಟ್ಕೊಂಡೆ. ಜಾರ್ತು. ಮತ್ತೆ ಇಟ್ಕೊಂಡೆ. ಒತ್ತಿದ್ದು ಅಂದ್ರೆ, ಪೂರ್ತಿ ಒತ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ. ಅರ್ಧ ಕ್ಲಚ್."

ಓಬಳೇಶ ಅವನ ಮುಖವನ್ನೇ ನೋಡಿದ.

"ಅರ್ಧಾನಾ?"

"ಅರ್ಧಾನೇ. ನಡುಗ್ತಾನೂ ಇತ್ತು."

ಓಬಳೇಶ ಎರಡೂ ಕೈಯಿಂದ ಎಡ ಮೊಣಕಾಲನ್ನು ಹಿಡಿದು ಮೆಲ್ಲಗೆ ಮಡಿಸಿದ. ಪಾದವನ್ನು ಮಂಚದ ಕೊನೆಯ ಪಟ್ಟಿಗೆ ಒತ್ತುವಂತೆ ಇಟ್ಟುಕೊಂಡ.

"ಅರ್ಧ ಕ್ಲಚ್ ಸಾಕಲ್ಲೋ," ಎಂದ. "ಅಷ್ಟು ಹಿಡಿದ್ರೆ ಏರಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರಲ್ಲ." ಮತ್ತು ನನ್ನ ಕಡೆ ತಿರುಗಿ, "ಮೇಡಂ, ಆ ವ್ಯಾಯಾಮದವರನ್ನ ಕರೀರಿ," ಎಂದ.